ಮುಚ್ಚಳ ಹಾಕಿದರೂ ಲ್ಯಾಪ್‌ಟಾಪ್ ಮಲಗದಿದ್ದರೆ

ಕಳೆದ ತಿಂಗಳು ಗೆಳೆಯರೊಬ್ಬರು ತಮ್ಮ ಲಿನಕ್ಸ್ ಲ್ಯಾಪ್‌ಟಾಪ್ ತಂದಿದ್ದರು. ಆಫೀಸಿನಲ್ಲಿ ಮುಚ್ಚಿ, ಬ್ಯಾಗಿಗೆ ಹಾಕಿ, ಬಸ್ ಹತ್ತಿ ಮನೆಗೆ ಬಂದು ತೆಗೆದರೆ ತಳವೆಲ್ಲ ಬಿಸಿ, ಬ್ಯಾಟರಿ ಅರ್ಧ ಖಾಲಿ. ಅಲ್ಲಿ ಇಲ್ಲಿ ಸಿಕ್ಕ ನಾಲ್ಕೈದು ಕರ್ನಲ್ (ಲಿನಕ್ಸಿನ ತಿರುಳು) ಆಯ್ಕೆಗಳನ್ನು ಆಗಲೇ ಲಿನಕ್ಸ್ ಶುರು ಮಾಡುವ ಗ್ರಬ್ ಪ್ರೋಗ್ರಾಂನ ಫೈಲಿಗೆ ತುಂಬಿಸಿದ್ದರು. ನಾನು ಮೊದಲು ಅವನ್ನೆಲ್ಲ ಅಳಿಸಿದೆ. ರೋಗ ಗೊತ್ತಾಗದೆ ಮದ್ದು ಹಾಕಬಾರದು ಅಲ್ವಾ?

ಸಸ್ಪೆಂಡ್, ಅಂದರೆ ಮಷಿನ್ ಮಲಗಿಸುವುದರ ತೊಂದರೆ ಒಂದೇ ಅಲ್ಲ. ಮಷಿನ್ ಮಲಗಿದರೂ ನಿದ್ದೆ ಆಳ ಇರುವುದಿಲ್ಲ, ಅಥವಾ ಮಲಗಿ ತಾನಾಗೇ ಏಳುತ್ತದೆ, ಅಥವಾ ಮಲಗಿದ್ದು ಏಳುವುದೇ ಇಲ್ಲ. ಮೂರಕ್ಕೂ ದಾರಿ ಬೇರೆ.

ಮೊದಲು ಸಿಸ್ ಡೈರೆಕ್ಟರಿಯ ಪವರ್ ಒಳಗಿರುವ ಮೆಮ್ ಸ್ಲೀಪ್ ಫೈಲ್ (/sys/power/mem_sleep) ಓದಿ, ಮಷಿನ್‌ಗೆ ಯಾವ ಬಗೆಯ ನಿದ್ದೆ ಗೊತ್ತು ಅಂತ ಅದರಲ್ಲಿರುತ್ತದೆ. ‘ಡೀಪ್’ ಅಂದರೆ ಎಸ್3 ಎಂಬ ಹಳೆಯ ಆಳ ನಿದ್ದೆ: ಪ್ರೊಸೆಸರ್ ಬಂದ್, ರ್‍ಯಾಮ್‌ಗೆ ಮಾತ್ರ ಕರೆಂಟ್. ‘ಎಸ್2ಐಡಲ್’ನಲ್ಲಿ ಪ್ರೊಸೆಸರ್ ಪೂರ್ತಿ ಆರುವುದಿಲ್ಲ, ಪ್ರತಿ ಡಿವೈಸೂ ಸುಮ್ನಿದ್ದರೆ ಮಾತ್ರ ಬ್ಯಾಟರಿ ಉಳಿಯುತ್ತದೆ. ಹೊಸ ಮಷಿನ್‌ಗಳಲ್ಲಿ ಜಾಸ್ತಿ ಸಿಗುವುದು ಇದೇ. ಫೈಲಿನಲ್ಲಿ ಡೀಪ್ ಹೆಸರೇ ಇಲ್ಲ ಅಂದರೆ ಅದನ್ನು ಬಲವಂತ ಮಾಡುವ ಕರ್ನಲ್ ಆಯ್ಕೆಯಿಂದ ಏನೂ ಆಗುವುದಿಲ್ಲ, ಬಯಾಸ್ (ಮದರ್‌ಬೋರ್ಡಿನಲ್ಲೇ ಇರುವ ಸೆಟ್ಟಿಂಗ್ ಪ್ರೋಗ್ರಾಂ) ಒಳಗೆ ನೋಡಬೇಕು. 2018ರ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ ಬಂದಾಗ ಎಸ್3 ಇರಲಿಲ್ಲ, ಆಮೇಲೆ ಬಯಾಸ್ ಅಪ್‌ಡೇಟ್‌ನಲ್ಲಿ ‘ಲಿನಕ್ಸ್’ ಅನ್ನೋ ಆಯ್ಕೆ ಸೇರಿಸಿದರು.

ಗೆಳೆಯರದ್ದು ಎರಡನೇ ರೋಗ, ತಾನಾಗೇ ಏಳುವುದು. ಜರ್ನಲ್ (ಸಿಸ್ಟಮ್ ಬರೆದಿಡುವ ಲಾಗ್) ತೆಗೆದು ನೋಡಿದರೆ, ಬಸ್ಸಿನಲ್ಲಿದ್ದ ಹೊತ್ತಿನಲ್ಲಿ ‘ಸಸ್ಪೆಂಡ್ ಎಂಟ್ರಿ’, ಕೆಲವೇ ಸೆಕೆಂಡಿಗೆ ‘ಸಸ್ಪೆಂಡ್ ಎಕ್ಸಿಟ್’, ಸ್ವಲ್ಪ ಬಿಟ್ಟು ಮತ್ತೆ ಎಂಟ್ರಿ, ಹೀಗೆ ಸಾಲು ಸಾಲು. ಲ್ಯಾಪ್‌ಟಾಪಿನ ಪಕ್ಕಕ್ಕೆ ನೋಡಿದೆ. ವೈರ್‌ಲೆಸ್ ಮೌಸಿನ ಪುಟ್ಟ ರಿಸೀವರ್ ಯುಎಸ್‌ಬಿಯಲ್ಲೇ ಇತ್ತು. ಮೌಸ್ ಆಫ್ ಮಾಡದೆ ಅದೇ ಬ್ಯಾಗಿನಲ್ಲಿ ಹಾಕುತ್ತಿದ್ದರು. ಇಂಥ ಎಷ್ಟೋ ರಿಸೀವರ್‌ಗಳು ತಾವು ಕೀಬೋರ್ಡ್ ಅಂತಲೂ ಹೇಳಿಕೊಳ್ಳುತ್ತವೆ, ಕೀಬೋರ್ಡಿಗೆ ಮಷಿನ್ ಎಬ್ಬಿಸುವ ಅನುಮತಿಯನ್ನು ಕರ್ನಲ್ ಮೊದಲೇ ಕೊಟ್ಟಿರುತ್ತದೆ. ಬಸ್ ಕುಲುಕಿದಾಗೆಲ್ಲ ಮಷಿನ್ ಏಳುತ್ತಿತ್ತು.

ಮಷಿನ್ ಎಬ್ಬಿಸಬಲ್ಲ ಡಿವೈಸ್‌ಗಳ ಪಟ್ಟಿ ಇರುವ, ಪ್ರಾಕ್ ಒಳಗಿನ ಎಸಿಪಿಐ ವೇಕಪ್ ಫೈಲಿನಲ್ಲಿ (/proc/acpi/wakeup) ಯುಎಸ್‌ಬಿ ಕಂಟ್ರೋಲರಿನ ಎಬ್ಬಿಸುವ ಅನುಮತಿಯನ್ನೇ ಬಂದ್ ಮಾಡಬಹುದು. ನನಗೆ ಅದು ಇಷ್ಟವಿಲ್ಲ. ಅಲ್ಲಿ ಒಂದೇ ಹೆಸರನ್ನು ಎರಡು ಸಲ ಬರೆದರೆ ಮತ್ತೆ ಆನ್ ಆಗುತ್ತದೆ, ರೀಬೂಟ್ ಆದರೆ ಬದಲಾವಣೆ ಉಳಿಯುವುದಿಲ್ಲ. ಆ ರಿಸೀವರ್‌ನ ವೇಕಪ್ ಮಾತ್ರ ಆರಿಸುವ ಒಂದು ಸಾಲಿನ ಯೂಡೆವ್ ನಿಯಮ (ಡಿವೈಸ್ ಸಿಕ್ಕಾಗೆಲ್ಲ ತಾನಾಗೇ ಜಾರಿಯಾಗುವ ಸೆಟ್ಟಿಂಗ್) ಬರೆದೆ. ಮುಚ್ಚಳ ತೆರೆದರೆ ಈಗಲೂ ಏಳುತ್ತದೆ, ಬೇರೆ ಯುಎಸ್‌ಬಿ ಕೀಬೋರ್ಡ್ ಒತ್ತಿದರೂ ಏಳುತ್ತದೆ.

ಕಷ್ಟದ್ದು ಮೂರನೆಯದು, ಕಪ್ಪು ಪರದೆ. ಪವರ್ ಬಟನ್ ಒತ್ತಿ ಹಿಡಿಯುವ ಮುಂಚೆ ಕ್ಯಾಪ್ಸ್ ಲಾಕ್ ಒತ್ತಿ. ದೀಪ ಹತ್ತಿ ಆರಿದರೆ ಕರ್ನಲ್ ಬದುಕಿದೆ, ಬಹುಶಃ ಗ್ರಾಫಿಕ್ಸ್ ಡ್ರೈವರಿನದ್ದೇ ತಕರಾರು. ಬೇರೆ ಕಂಪ್ಯೂಟರಿನಿಂದ ನೆಟ್‌ವರ್ಕ್ ಮೂಲಕ ಎಸ್‌ಎಸ್‌ಎಚ್ ಮಾಡಿ ಲಾಗ್ ಓದಬಹುದು. ದೀಪವೂ ಹತ್ತದಿದ್ದರೆ ಸಿಸ್‌ನ ಪವರ್ ಒಳಗಿನ ಪಿಎಂ ಟೆಸ್ಟ್ ಫೈಲನ್ನು (/sys/power/pm_test) ನೆಚ್ಚಿಕೊಳ್ಳಿ. ಅದರಲ್ಲಿ ‘ಫ್ರೀಜರ್’ ಅಂತ ಬರೆದು ಸಸ್ಪೆಂಡ್ ಕೊಟ್ಟರೆ ಪ್ರೋಗ್ರಾಂಗಳನ್ನಷ್ಟೇ ನಿಲ್ಲಿಸಿ, 5 ಸೆಕೆಂಡ್ ಕಾದು ವಾಪಸ್ ಬರುತ್ತದೆ. ‘ಡಿವೈಸಸ್’ ಅಂತ ಬರೆದರೆ ಡ್ರೈವರ್‌ಗಳನ್ನೂ ಮಲಗಿಸಿ ಎಬ್ಬಿಸುತ್ತದೆ. ಅಲ್ಲೇ ಸಿಕ್ಕಿಹಾಕಿಕೊಂಡರೆ ಒಂದೊಂದೇ ಡ್ರೈವರ್ ಮಾಡ್ಯೂಲ್ ತೆಗೆದು ಮತ್ತೆ ನೋಡಿ, ನನ್ನ ಅನುಭವದಲ್ಲಿ ವೈಫೈಯಿಂದ ಶುರು ಮಾಡುವುದು ಒಳ್ಳೆಯದು. ಪ್ರತಿ ಸಲವೂ ಮೊದಲು ಸಿಂಕ್ ಕಮಾಂಡ್ (ಮೆಮೊರಿಯಲ್ಲಿ ಉಳಿದದ್ದನ್ನು ಡಿಸ್ಕಿಗೆ ಬರೆಸುವುದು) ಕೊಡಿ, ತೆರೆದ ಫೈಲ್‌ಗಳನ್ನು ಸೇವ್ ಮಾಡಿ.