ಒಂದು ಒಯ್ದರೆ ಎರಡು ತರಬೇಕು: ತಂತ್ರಾಂಶದ ಬೆಲೆಯ ಜಗಳ ಹುಟ್ಟಿದ ಬಗೆ

ಗಣಕದ ಹವ್ಯಾಸಿಗಳನ್ನು ಉದ್ದೇಶಿಸಿ ಇಪ್ಪತ್ತರ ಹರೆಯದ ಬಿಲ್ ಗೇಟ್ಸ್ ಬರೆದ ಬಹಿರಂಗ ಪತ್ರದ ದಿನಾಂಕ 1976ರ ಫೆಬ್ರವರಿ 3. ಯಂತ್ರಕ್ಕೆ ದುಡ್ಡು ಕೊಡಲು ಹಿಂಜರಿಯದ ನೀವು ತಂತ್ರಾಂಶವನ್ನು ಮಾತ್ರ ಕದಿಯುತ್ತೀರಿ, ಅದನ್ನು ಬರೆದವನಿಗೆ ಕೂಲಿ ಸಿಕ್ಕಿತೋ ಇಲ್ಲವೋ ಎಂಬ ಚಿಂತೆ ನಿಮಗಿಲ್ಲ ಎಂಬುದು ಅದರ ತಿರುಳು. ಇದನ್ನು ಪ್ರಾಮಾಣಿಕತೆ ಮತ್ತು ಕಳ್ಳತನದ ನಡುವಣ ಜಗಳವೆಂದು ಹೇಳುವುದು ರೂಢಿ. ಆದರೆ ತಂತ್ರಾಂಶವೆಂಬುದು ಬಿಡಿಯಾಗಿ ಮಾರುವ ಸರಕೇ ಹೌದೋ ಅಲ್ಲವೋ ಎಂಬುದೇ ಆಗಿನ್ನೂ ಇತ್ಯರ್ಥವಾಗಿರಲಿಲ್ಲ.

ಅದಕ್ಕೆ ಹಿಂದಿನ ಎರಡು ದಶಕಗಳಲ್ಲಿ ತಂತ್ರಾಂಶವು ಹೆಚ್ಚಾಗಿ ಯಂತ್ರದ ಜೊತೆಗೇ ಬರುತ್ತಿತ್ತು. ಐಬಿಎಂ ಗಣಕಗಳ ಬಳಕೆದಾರರು 1955ರಲ್ಲೇ ‘ಶೇರ್’ ಎಂಬ ಸಂಘ ಕಟ್ಟಿಕೊಂಡು ತಾವು ಬರೆದ ಪ್ರೋಗ್ರಾಂಗಳನ್ನು ಪರಸ್ಪರ ಹಂಚಿಕೊಳ್ಳುತ್ತಿದ್ದರು. ಐಬಿಎಂ ತನ್ನ ತಂತ್ರಾಂಶಕ್ಕೆ ಪ್ರತ್ಯೇಕ ಬೆಲೆ ಕಟ್ಟುವುದಾಗಿ ಪ್ರಕಟಿಸಿದ್ದು 1969ರಲ್ಲಿ. ಹಾಗಾಗಿ ಪ್ರೋಗ್ರಾಂ ಹಂಚಿಕೊಳ್ಳುವುದು ಹವ್ಯಾಸಿಗಳು ಹೊಸದಾಗಿ ಹುಟ್ಟುಹಾಕಿದ ದುರಭ್ಯಾಸವಾಗಿರಲಿಲ್ಲ; ಹಿರಿಯರಿಂದ ಬಂದ ನಡಾವಳಿಯಾಗಿತ್ತು.

ಕೈಗೆಟುಕುವ ಯಂತ್ರ ಬಂದದ್ದು ಆಮೇಲೆ. ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯ 1975ರ ಜನವರಿ ಸಂಚಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಕಾಣಿಸಿಕೊಂಡಿತು. ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಯಲ್ಲಿದ್ದ ಎಂಐಟಿಎಸ್ ಎಂಬ ಸಣ್ಣ ಕಂಪನಿ ಇದನ್ನು 400 ಡಾಲರಿಗಿಂತ ತುಸು ಕಡಿಮೆಗೆ ಬಿಡಿಭಾಗಗಳ ರೂಪದಲ್ಲಿ ಮಾರಿತು. ಬೆಸುಗೆ ಹಾಕಿ ಜೋಡಿಸುವ ಕೆಲಸ ಕೊಂಡವನದು. ಅದಕ್ಕೆ ಕೀಲಿಮಣೆಯಿರಲಿಲ್ಲ, ಪರದೆಯಿರಲಿಲ್ಲ, ಮೆಮೊರಿ ಬರೀ 256 ಬೈಟ್. ಮುಂಭಾಗದ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಒಂದೊಂದೇ ಸೂಚನೆಯನ್ನು ಊಡಿಸಬೇಕು, ಉತ್ತರವನ್ನು ಮಿನುಗುವ ಕೆಂಪು ದೀಪಗಳಲ್ಲಿ ಓದಿಕೊಳ್ಳಬೇಕು. ಇಷ್ಟಾದರೂ ಜನ ಮುಗಿಬಿದ್ದರು. ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್‌ನಲ್ಲಿ ಗಾರ್ಡನ್ ಫ್ರೆಂಚ್ ಅವರ ಗ್ಯಾರೇಜಿನಲ್ಲಿ ಅದೇ ವರ್ಷದ ಮಾರ್ಚ್ 5ರಂದು ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಎಂಬ ಹವ್ಯಾಸಿಗಳ ಕೂಟ ಮೊದಲ ಸಲ ಸೇರಿತು.

ಇಂಥ ಯಂತ್ರದಲ್ಲಿ ಬೇಸಿಕ್ ಎಂಬ, ಹೊಸಬರೂ ಸುಲಭವಾಗಿ ಪ್ರೋಗ್ರಾಂ ಬರೆಯಬಲ್ಲ ಭಾಷೆಯನ್ನು ನಡೆಸಬಹುದೆಂದು ತೋರಿಸಿದವರು ಗೇಟ್ಸ್ ಮತ್ತು ಪಾಲ್ ಅಲೆನ್. ಹಾರ್ವರ್ಡ್ ವಿಶ್ವವಿದ್ಯಾಲಯದ ಪಿಡಿಪಿ-10 ಗಣಕವೇ ಆಲ್ಟೇರ್‌ನಂತೆ ವರ್ತಿಸುವ ಹಾಗೆ ಅಲೆನ್ ಪ್ರೋಗ್ರಾಂ ಬರೆದರು; ಆಲ್ಟೇರನ್ನು ಕಣ್ಣಾರೆ ಕಾಣುವ ಮೊದಲೇ ಅದರ ಬೇಸಿಕ್ ಹೀಗೆ ಸಿದ್ಧವಾಯಿತು. ದಶಮಾಂಶ ಲೆಕ್ಕಾಚಾರದ ಭಾಗ ಮಾಂಟಿ ಡೇವಿಡಾಫ್ ಅವರದು. ಆದರೆ ಅದನ್ನು ಎಂಐಟಿಎಸ್ ಮಾರಿದ ಕ್ರಮದಲ್ಲೇ ಜಗಳದ ಬೀಜವಿತ್ತು. ಬೇಸಿಕ್ ಒಂದನ್ನೇ ಕೇಳಿದರೆ 500 ಡಾಲರ್, ಅಂದರೆ ಯಂತ್ರಕ್ಕಿಂತ ದುಬಾರಿ. ಕಂಪನಿಯ ಮೆಮೊರಿ ಬೋರ್ಡುಗಳ ಜೊತೆಗೆ ಕೊಂಡರೆ 75 ಡಾಲರಿನ ಆಸುಪಾಸು. ಆ ಬೋರ್ಡುಗಳೋ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಬರ್ಕ್ಲಿಯ ಪ್ರೊಸೆಸರ್ ಟೆಕ್ನಾಲಜಿಯ ಬೋರ್ಡು ಮೇಲೆಂದು ಅದನ್ನು ಕೊಂಡವನಿಗೆ ರಿಯಾಯಿತಿ ತಪ್ಪುತ್ತಿತ್ತು.

1975ರ ಜೂನ್‌ನಲ್ಲಿ ಎಂಐಟಿಎಸ್‌ನ ಪ್ರದರ್ಶನ ವಾಹನ ಪಾಲೋ ಆಲ್ಟೋದ ಹೋಟೆಲೊಂದಕ್ಕೆ ಬಂದಾಗ ಬೇಸಿಕ್ ಅನ್ನು ತೂತುಗಳ ರೂಪದಲ್ಲಿ ಹಿಡಿದಿಟ್ಟಿದ್ದ ಪೇಪರ್ ಟೇಪೊಂದು ಅಲ್ಲಿಂದ ಕಾಣೆಯಾಯಿತು. ಕ್ಲಬ್ಬಿನ ಸದಸ್ಯ ಡ್ಯಾನ್ ಸೋಕೋಲ್ ಅದರ ಪ್ರತಿಗಳನ್ನು ತೆಗೆದು ಕ್ಲಬ್ಬಿಗೆ ತಂದರು. ಟೇಪು ಒಯ್ಯುವವರಿಗೆ ಇದ್ದ ಕರಾರು ಒಂದೇ: ಒಂದು ಒಯ್ದವನು ಎರಡು ಪ್ರತಿ ಮಾಡಿ ತರಬೇಕು. ಬೀಗರ ಮನೆಯ ಬುತ್ತಿಯಂತೆ ಅದು ಕೈಯಿಂದ ಕೈಗೆ ಹೋಯಿತು.

ಗೇಟ್ಸ್ ಪತ್ರ ಬಂದದ್ದು ಈ ಹಿನ್ನೆಲೆಯಲ್ಲಿ. ಆಲ್ಟೇರ್ ಇರುವವರಲ್ಲಿ ಬೇಸಿಕ್ ಕೊಂಡವರು ಶೇಕಡ 10ಕ್ಕಿಂತ ಕಡಿಮೆ, ಬಳಸಿದ ಗಣಕ ಸಮಯದ ಬೆಲೆ 40,000 ಡಾಲರಿಗೂ ಹೆಚ್ಚು, ಕೊನೆಗೆ ತಮಗೆ ಗಿಟ್ಟಿದ್ದು ಗಂಟೆಗೆ 2 ಡಾಲರಿಗಿಂತ ಕಡಿಮೆ ಎಂದು ಅವರು ಲೆಕ್ಕ ಒಪ್ಪಿಸಿದರು. ಲೆಕ್ಕ ಹೇಳಿದವರಿಗೆ ಲೆಕ್ಕದಲ್ಲೇ ತಿರುಗೇಟು ಬಿತ್ತು: ಹಾರ್ವರ್ಡ್‌ನ ಆ ಯಂತ್ರ ನಡೆಯುತ್ತಿದ್ದದ್ದು ಸರ್ಕಾರದ ಹಣದಲ್ಲಿ. ಏಪ್ರಿಲ್‌ನಲ್ಲಿ ಬರೆದ ಎರಡನೆಯ ಪತ್ರದಲ್ಲಿ ಗೇಟ್ಸ್ ದನಿ ತಗ್ಗಿಸಿದರು. ಕೂಲಿ ಕೇಳಿದ್ದು ತಪ್ಪಲ್ಲ, ಆದರೆ ಕೊಳ್ಳುವವರನ್ನೇ ಕಳ್ಳರೆಂದು ಕರೆದು ವ್ಯಾಪಾರ ಕುದುರಿಸಲು ಹೊರಟದ್ದು ಜಾಣತನವಲ್ಲ ಎಂದೇ ನನಗನ್ನಿಸುತ್ತದೆ.

ಬೈಗುಳಕ್ಕಿಂತ ಗಟ್ಟಿಯಾದ ಉತ್ತರ ಪತ್ರಕ್ಕೂ ಮೊದಲೇ ಸಿದ್ಧವಾಗುತ್ತಿತ್ತು. ಗಣಕವನ್ನು ಜನಸಾಮಾನ್ಯರಿಗೆ ಕಲಿಸುತ್ತಿದ್ದ ಪೀಪಲ್ಸ್ ಕಂಪ್ಯೂಟರ್ ಕಂಪನಿಯ ಪತ್ರಿಕೆಯಲ್ಲಿ ಡೆನ್ನಿಸ್ ಆಲಿಸನ್ ಅವರು ‘ಟೈನಿ ಬೇಸಿಕ್’ ಎಂಬ ಪುಟ್ಟ ರೂಪದ ನಕ್ಷೆ ಕೊಟ್ಟರು. ಅದನ್ನು ನೋಡಿ ಯಾರು ಬೇಕಾದರೂ ತಮ್ಮದೇ ಬೇಸಿಕ್ ಬರೆದುಕೊಳ್ಳಬಹುದಿತ್ತು. ಟಾಮ್ ಪಿಟ್‌ಮನ್ ತಮ್ಮದನ್ನು 5 ಡಾಲರಿಗೆ ಮಾರಿದರು. ಲಿ-ಚೆನ್ ವಾಂಗ್ ತಮ್ಮದರ ತಲೆಯ ಮೇಲೆ ‘ಕಾಪಿರೈಟ್’ ಬದಲು ‘ಕಾಪಿಲೆಫ್ಟ್’ ಎಂದು ತಮಾಷೆಯಾಗಿ ಬರೆದರು.

ವಾಸ್ತವದಲ್ಲಿ ಜಗಳ ಬಗೆಹರಿದದ್ದು ಯಾರ ಮನಸ್ಸೂ ಬದಲಾಗಿದ್ದರಿಂದಲ್ಲ. 1977ರಿಂದ ಕಮೋಡೋರ್, ಆಪಲ್ ಮೊದಲಾದ ತಯಾರಕರೇ ಗೇಟ್ಸ್ ಮತ್ತು ಅಲೆನ್ ಅವರ ಕಂಪನಿಯಾದ ಮೈಕ್ರೋಸಾಫ್ಟ್‌ಗೆ ಹಣ ಕೊಟ್ಟು ಅದರ ಬೇಸಿಕ್ ಪಡೆದರು. ಬರಬರುತ್ತ ಅದು ಯಂತ್ರದೊಳಗಿನ ಚಿಪ್ಪಿನಲ್ಲೇ ಕೂತು ಬರತೊಡಗಿತು. ಕೊಳ್ಳುವವನ ಕಣ್ಣಿಗೆ ತಂತ್ರಾಂಶ ಮತ್ತೆ ಯಂತ್ರದ ಜೊತೆಗೇ ಬರುವ ವಸ್ತುವಾಯಿತು. 1980ರಲ್ಲಿ ಅಮೆರಿಕವು ಕೃತಿಸ್ವಾಮ್ಯ ಕಾಯ್ದೆಯೊಳಗೆ ಪ್ರೋಗ್ರಾಂಗಳನ್ನು ಸ್ಪಷ್ಟವಾಗಿ ಸೇರಿಸಿತು, ಭಾರತ 1984ರ ತಿದ್ದುಪಡಿಯಲ್ಲಿ ಅವನ್ನು ಸಾಹಿತ್ಯ ಕೃತಿಯೆಂದು ಎಣಿಸಿತು. (ಕಾಯ್ದೆ ಬಂದ ಎಷ್ಟೋ ವರ್ಷಗಳ ಮೇಲೂ ನಮ್ಮೂರುಗಳಲ್ಲಿ ಗಣಕ ಕೊಂಡವರಿಗೆ ಅಂಗಡಿಯವರೇ ಬೇಕಾದ ತಂತ್ರಾಂಶವನ್ನೆಲ್ಲ ‘ಹಾಕಿಕೊಡುತ್ತಿದ್ದರು’ ಎಂಬುದು ಬೇರೆ ಮಾತು.)

ಆ ಮೂಲ ಬೇಸಿಕ್‌ನ ಸಾಲುಗಳನ್ನು 2025ರ ಏಪ್ರಿಲ್‌ನಲ್ಲಿ, ಮೈಕ್ರೋಸಾಫ್ಟ್‌ಗೆ ಐವತ್ತು ತುಂಬಿದಾಗ, ಗೇಟ್ಸ್ ಅವರೇ ಎಲ್ಲರಿಗೂ ಸಿಗುವಂತೆ ಅಂತರ್ಜಾಲದಲ್ಲಿ ಪ್ರಕಟಿಸಿದರು. ಆಲ್ಟೇರ್‌ನ ಪ್ರತಿಕೃತಿಗಳನ್ನು ಇಂದಿಗೂ ಮನೆಯಲ್ಲಿ ಜೋಡಿಸಿಕೊಳ್ಳುವ ಹವ್ಯಾಸಿಗಳು ಅವನ್ನು ಓದಲು ಯಾವ ಟೇಪನ್ನೂ ನಕಲು ಮಾಡಬೇಕಿಲ್ಲ.