ಸಿಂಹದ ಹಾಡು ಯಾರದ್ದು? ಹತ್ತು ಶಿಲಿಂಗ್‌ನಿಂದ ಡಿಸ್ನಿವರೆಗೆ

‘ದಿ ಲಯನ್ ಸ್ಲೀಪ್ಸ್ ಟುನೈಟ್’ ಅನ್ನೋ ಹೆಸರು ನೆನಪಾಗದವರಿಗೂ ಅದರ ‘ವಿಮೊವೆ, ವಿಮೊವೆ’ ಕಿವಿಗೆ ಬಿದ್ದಿರುತ್ತದೆ. ಡಿಸ್ನಿಯ ‘ದಿ ಲಯನ್ ಕಿಂಗ್’ನಲ್ಲಿ ಟಿಮೋನ್ ಮತ್ತು ಪುಂಬಾ ಹಾಡ್ತಾರಲ್ಲ, ಅದೇ. ಹಾಡು ಸಲೀಸು, ಅದರ ಲೆಕ್ಕ ಮಾತ್ರ ಸಿಕ್ಕುಸಿಕ್ಕು. ಒಂದು ರೆಕಾರ್ಡ್ ಮೇಲೆ ಪಾಲ್ ಕ್ಯಾಂಪ್‌ಬೆಲ್ ಬರೆದದ್ದು ಅಂತಿದೆ. ಇನ್ನೊಂದರ ಮೇಲೆ ಮೂವರು ಅಮೆರಿಕನ್ನರ ಹೆಸರಿದೆ. ಈಚಿನವುಗಳಲ್ಲಿ ಸಾಲೊಮನ್ ಲಿಂಡಾ ಅನ್ನೋ ಹೆಸರೂ ಬರುತ್ತದೆ. ಇವರಲ್ಲಿ ಪಾಲ್ ಕ್ಯಾಂಪ್‌ಬೆಲ್ ಅನ್ನುವ ಮನುಷ್ಯ ಇರಲೇ ಇಲ್ಲ. ಅಲ್ಲಿಂದಲೇ ಗೋಜಲು ಎಷ್ಟಿದೆ ಅಂತ ಗೊತ್ತಾಗುತ್ತದೆ.

ಮೊದಲಿಂದ ನೋಡೋಣ. 1939, ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್. ಗ್ಯಾಲೋ ಅನ್ನೋ ರೆಕಾರ್ಡ್ ಕಂಪನಿಯ ಸ್ಟುಡಿಯೊಗೆ ‘ಈವ್‌ನಿಂಗ್ ಬರ್ಡ್ಸ್’ ಅನ್ನೋ ತಂಡ ಬಂತು. ಮುಂದೆ ನಿಂತು ಹಾಡುತ್ತಿದ್ದವರು ಸಾಲೊಮನ್ ಲಿಂಡಾ. ನಟಾಲ್ ಪ್ರಾಂತ್ಯದ ಹಳ್ಳಿಯಿಂದ ದುಡಿಯಲು ನಗರಕ್ಕೆ ಬಂದ ಜುಲು ಜನಾಂಗದವರು. ಗ್ಯಾಲೋ ಕಂಪನಿಯಲ್ಲೇ ರೆಕಾರ್ಡ್ ಪ್ಯಾಕ್ ಮಾಡುವ ಕೆಲಸ. ಹಾಡಿನ ಹೆಸರು ‘ಎಂಬೂಬೆ’, ಅಂದರೆ ಸಿಂಹ.

ಈ ರೆಕಾರ್ಡಿಂಗನ್ನು ಕೊನೆಯವರೆಗೆ ಕೇಳಬೇಕು. ಹಿಂದೆ ಗಂಡಸರ ದಪ್ಪ ದನಿಗಳು ಒಂದೇ ಮಾತನ್ನು ಎಡೆಬಿಡದೆ ಹೇಳುತ್ತಾ ಹೋಗುತ್ತವೆ. ಅದರ ಮೇಲೆ ಲಿಂಡಾ ಕಳ್ಳದನಿಯಲ್ಲಿ, ಅಂದರೆ ಸಹಜ ದನಿಗಿಂತ ಮೇಲಿನ ತೆಳು ದನಿಯಲ್ಲಿ, ಏರಿ ಇಳಿಯುತ್ತಾರೆ. ಎರಡು ಟೇಕ್ ಮುಗಿದು ಮೂರನೆಯದು ನಡೆಯುತ್ತಿತ್ತು. ಹಾಡು ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಲಿಂಡಾ ಅಲ್ಲಿವರೆಗೆ ಇಲ್ಲದ ಒಂದು ಸಾಲನ್ನು ತೆಗೆದರು. ನಮ್ಮ ಸಂಗೀತ ಕಛೇರಿ ಭಾಷೆಯಲ್ಲಿ ಹೇಳಬೇಕೆಂದರೆ ಮನೋಧರ್ಮ, ಅಂದರೆ ಆ ಕ್ಷಣಕ್ಕೆ ಹೊಳೆದು ಹಾಡಿದ್ದು. ಕೆಲವೇ ಸೆಕೆಂಡಿನ ಆ ಸಾಲೇ ಮುಂದೆ ಇಂಗ್ಲಿಷ್ ಹಾಡಿನ ಮುಖ್ಯ ರಾಗವಾಯಿತು. ಈ ಹಾಡಿನಿಂದ ಆಮೇಲೆ ಯಾರು ಎಷ್ಟು ದುಡಿದಿದ್ದರೂ ಅದರ ಮೂಲ ಆ ಕೆಲವು ಸೆಕೆಂಡು.

ದಕ್ಷಿಣ ಆಫ್ರಿಕಾದಲ್ಲಿ ಹಾಡು ಹತ್ತು ವರ್ಷದೊಳಗೆ ಸುಮಾರು 1 ಲಕ್ಷ ಪ್ರತಿ ಮಾರಾಟವಾಯಿತು ಅಂತ ಅಂದಾಜು. ಈ ಬಗೆಯ ಗಾಯನಕ್ಕೇ ‘ಎಂಬೂಬೆ’ ಅನ್ನೋ ಹೆಸರು ಬಿತ್ತು. ‘ಲೇಡಿಸ್ಮಿತ್ ಬ್ಲ್ಯಾಕ್ ಮಂಬಾಜೊ’ ತಂಡ ಜಗತ್ತಿಗೆ ಪರಿಚಯಿಸಿದ ಶೈಲಿಯ ಬೇರೂ ಇಲ್ಲೇ ಇದೆ. ಲಿಂಡಾಗೆ ಹೆಸರು ಬಂತು. ಹಾಡಿನ ಹಕ್ಕಿಗೆ ಕಂಪನಿಯಿಂದ ಸಿಕ್ಕಿದ್ದು 10 ಶಿಲಿಂಗ್. ರಾಯಲ್ಟಿ, ಅಂದರೆ ಹಾಡು ಬಳಕೆಯಾದಾಗಲೆಲ್ಲ ಬರುವ ಪಾಲು, ಇಲ್ಲ. ಕಾಗದಪತ್ರದಲ್ಲಿ ತಪ್ಪೇನೂ ಇರಲಿಲ್ಲ, ಆ ಕಾಲದಲ್ಲಿ ಕಪ್ಪು ಗಾಯಕರ ಜೊತೆ ವ್ಯವಹಾರ ನಡೆಯುತ್ತಿದ್ದದ್ದೇ ಹಾಗೆ.

ಅಲ್ಲಿಂದ ರೆಕಾರ್ಡಿನ ತಟ್ಟೆ ಅಮೆರಿಕ ಸೇರಿತು. ಜಾನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಆಫ್ರಿಕಾದ ಕೆಲವು ರೆಕಾರ್ಡ್‌ಗಳನ್ನು ಗಾಯಕ ಪೀಟ್ ಸೀಗರ್‌ಗೆ ಕೊಟ್ಟರು. ಸೀಗರ್ ಅದನ್ನು ಕೇಳಿ ಕೇಳಿ ಸ್ವರ ಬರೆದುಕೊಂಡರು. ಜುಲು ಭಾಷೆ ಬಾರದು, ಹಾಗಾಗಿ ‘ಉಯಿಂಬೂಬೆ’ ಅನ್ನೋದು ‘ವಿಮೊವೆ’ ಆಯಿತು. ಅವರ ತಂಡ ‘ದಿ ವೀವರ್ಸ್’ 1950ರ ದಶಕದ ಶುರುವಿನಲ್ಲಿ ಆರ್ಕೆಸ್ಟ್ರಾ ಸಮೇತ ಅದನ್ನು ಹಾಡಿತು. ಹಾಡು ಹಿಟ್. ಬರೆದವರ ಜಾಗದಲ್ಲಿ ಪಾಲ್ ಕ್ಯಾಂಪ್‌ಬೆಲ್. ಇದು ವೀವರ್ಸ್ ತಂಡದವರೇ ಸೇರಿ ಇಟ್ಟುಕೊಂಡ ಕಾವ್ಯನಾಮ, ಜಾನಪದ ಹಾಡುಗಳ ರಾಯಲ್ಟಿ ಪಡೆಯಲು ಬಳಸುತ್ತಿದ್ದರು. ಆಫ್ರಿಕಾದಿಂದ ಬಂದದ್ದು ಅಂದಮೇಲೆ ಜಾನಪದವೇ ಇರಬೇಕು ಅನ್ನೋ ನಂಬಿಕೆ. ತಟ್ಟೆಯ ಮೇಲೆ ಹಾಡಿದವರ ಹೆಸರು ಅಚ್ಚಾಗಿತ್ತು ಅನ್ನೋದು ಬೇರೆ ಮಾತು.

ಸೀಗರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಮೂಲ ಗಾಯಕ ಲಿಂಡಾ ಅಂತ ತಿಳಿದ ಮೇಲೆ ಅವರು ತಾವೇ 1,000 ಡಾಲರ್ ಕಳಿಸಿದರು, ತಮ್ಮ ಪಾಲನ್ನು ಲಿಂಡಾಗೇ ಕೊಡಿ ಅಂತ ಪ್ರಕಾಶಕರಿಗೆ ತಿಳಿಸಿದರು. ಆ ಮಾತು ಪೂರ್ತಿ ನಡೆಯಿತೇ ಅಂತ ಹಿಂಬಾಲಿಸಲಿಲ್ಲ. ಆಮೇಲೆ ಅದಕ್ಕೆ ಬೇಜಾರು ಮಾಡಿಕೊಂಡರು. ಹೇಳಿದೆ, ಕೊಟ್ಟಿರುತ್ತಾರೆ ಬಿಡು ಅಂತ ನಾವೂ ಎಷ್ಟೋ ಸಲ ಸುಮ್ನೆ ಇರ್ತೀವಿ, ಅಲ್ವಾ?

1961ರಲ್ಲಿ ಬಂದದ್ದು ಎಲ್ಲರೂ ಬಲ್ಲ ರೂಪ. ‘ದಿ ಟೋಕನ್ಸ್’ ಅನ್ನೋ ಹುಡುಗರ ತಂಡಕ್ಕಾಗಿ ಜಾರ್ಜ್ ವೈಸ್ ಇಂಗ್ಲಿಷ್ ಸಾಹಿತ್ಯ ಹೊಂದಿಸಿದರು. ಲಿಂಡಾ ಕೊನೆಯಲ್ಲಿ ಹಾಡಿದ್ದ ಸಾಲು ಈಗ ಹಾಡಿನ ನಡುಮಧ್ಯಕ್ಕೆ ಬಂತು. ರೆಕಾರ್ಡ್‌ನ ಬಿ ಬದಿಗೆ, ಅಂದರೆ ಹಿಂಬದಿಗೆ, ಹಾಕಿದ್ದ ಹಾಡಿದು, ಕಂಪನಿಗೇ ಅಷ್ಟು ಭರವಸೆ ಇರಲಿಲ್ಲ. ಡಿಸೆಂಬರ್‌ನಲ್ಲಿ ಅದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ನಂಬರ್ 1. ಮುಂದಿನ ವರ್ಷ, 1962ರ ಅಕ್ಟೋಬರ್‌ನಲ್ಲಿ, ಲಿಂಡಾ ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡರು. ಅವರ ಸಮಾಧಿಗೆ ಕಲ್ಲು ಹಾಕಿಸಲು ಮನೆಯವರಿಗೆ 18 ವರ್ಷ ಬೇಕಾಯಿತು.

ಆಮೇಲಿನ ಕವರ್‌ಗಳಿಗೆ, ಅಂದರೆ ಬೇರೆಯವರು ಮತ್ತೆ ಹಾಡಿದ ರೂಪಗಳಿಗೆ, ಲೆಕ್ಕವಿಲ್ಲ. ದಕ್ಷಿಣ ಆಫ್ರಿಕಾದ ಗಾಯಕಿ ಮಿರಿಯಂ ಮಕೇಬಾ ಮೂಲ ಜುಲು ಹಾಡನ್ನು ಅಮೆರಿಕದ ವೇದಿಕೆಗೆ ತಂದಿದ್ದರು. ಬ್ರಿಟನ್ನಿನಲ್ಲಿ ಕಾರ್ಲ್ ಡೆನ್ವರ್, 1972ರಲ್ಲಿ ರಾಬರ್ಟ್ ಜಾನ್, 1975ರಲ್ಲಿ ಬ್ರಯನ್ ಈನೋ, 1982ರಲ್ಲಿ ‘ಟೈಟ್ ಫಿಟ್’. ಕೊನೆಯದ್ದು ಬ್ರಿಟನ್ನಿನಲ್ಲಿ ನಂಬರ್ 1. 1994ರಲ್ಲಿ ಡಿಸ್ನಿ.

ಮಧ್ಯೆ 1990ರ ದಶಕದ ಶುರುವಿನಲ್ಲಿ ಅಮೆರಿಕದಲ್ಲೇ ಜಗಳ. ಕಾಪಿರೈಟ್ ನವೀಕರಣದ ಸಮಯ ಬಂದಾಗ, ವಿಮೊವೆಯ ಪ್ರಕಾಶಕರು ಒಂದು ಕಡೆ, ಇಂಗ್ಲಿಷ್ ಸಾಹಿತ್ಯದವರು ಇನ್ನೊಂದು ಕಡೆ. ವಿವಾದ ಮಧ್ಯಸ್ಥಗಾರರ ಪಂಚಾಯ್ತಿಗೆ ಹೋಯಿತು. ಹಕ್ಕು ಇಂಗ್ಲಿಷ್ ಸಾಹಿತ್ಯದವರಿಗೆ, ಪ್ರದರ್ಶನದ ರಾಯಲ್ಟಿಯಲ್ಲಿ ಒಂದು ಸಣ್ಣ ಪಾಲು ಲಿಂಡಾ ಮನೆಯವರಿಗೆ ಅಂತ ತೀರ್ಮಾನ. ನ್ಯೂಯಾರ್ಕಿನಲ್ಲಿ ಈ ವಾದ ನಡೆಯುವಾಗ ಲಿಂಡಾ ಮಕ್ಕಳಿದ್ದದ್ದು ಜೋಹಾನ್ಸ್‌ಬರ್ಗ್ ಪಕ್ಕದ ಸೊವೆಟೊದ ಬಡ ಮನೆಯಲ್ಲಿ. 2000ನೇ ಇಸವಿಯಲ್ಲಿ ಪತ್ರಕರ್ತ ರಿಯಾನ್ ಮಲಾನ್ ಒಂದು ದೀರ್ಘ ಲೇಖನ ಬರೆದರು. ಹಾಡು ಒಟ್ಟು 1.5 ಕೋಟಿ ಡಾಲರ್ ಗಳಿಸಿರಬಹುದು ಅಂತ ಅದರಲ್ಲಿ ಅಂದಾಜು ಮಾಡಿದರು. ಆಗ ಜಗತ್ತು ತಿರುಗಿ ನೋಡಿತು.

ಇಲ್ಲಿಂದ ಕಥೆ ವಕೀಲರದ್ದು, ನನಗೆ ಜಾಸ್ತಿ ಇಷ್ಟವಾದ ಭಾಗವೂ ಇದೇ. ಲಿಂಡಾ ಹಕ್ಕು ಮಾರಿದ್ದರು. ಅವರ ಹೆಂಡತಿ ಒಮ್ಮೆ, ಹೆಣ್ಣುಮಕ್ಕಳು ಒಮ್ಮೆ ಮತ್ತೆ ಕಾಗದಗಳಿಗೆ ಸಹಿ ಹಾಕಿದ್ದರು. ಮೇಲ್ನೋಟಕ್ಕೆ ಬಾಗಿಲೆಲ್ಲ ಮುಚ್ಚಿತ್ತು. ದಕ್ಷಿಣ ಆಫ್ರಿಕಾದ ಕಾಪಿರೈಟ್ ತಜ್ಞ ಓವನ್ ಡೀನ್ 1911ರ ಬ್ರಿಟಿಷ್ ಕಾಪಿರೈಟ್ ಕಾಯ್ದೆ ತೆರೆದರು. ಲಿಂಡಾ ಹಾಡಿದ ಕಾಲಕ್ಕೆ ಬ್ರಿಟಿಷ್ ಸಾಮ್ರಾಜ್ಯದ ಬಹುಭಾಗದಲ್ಲಿ ಅದೇ ಕಾನೂನು. ನಮ್ಮಲ್ಲೂ 1957ರ ಕಾಯ್ದೆ ಬರುವವರೆಗೆ ಅದರದ್ದೇ ಆಧಾರ. ಅದರಲ್ಲೊಂದು ಷರತ್ತು: ಕೃತಿಕಾರ ಬದುಕಿದ್ದಾಗ ಹಕ್ಕು ಯಾರಿಗೇ ಮಾರಿರಲಿ, ಅವನು ಸತ್ತು 25 ವರ್ಷವಾದ ಮೇಲೆ ಅದು ಅವನ ವಾರಸುದಾರರ ಕಡೆಗೆ ವಾಪಸ್ ಬರಬೇಕು. ಲಿಂಡಾ ಸತ್ತದ್ದು 1962. ಹಾಗಾದರೆ 1987ರಿಂದ ಆ ದೇಶಗಳಲ್ಲಿ ಹಾಡು ಅವರ ಆಸ್ತಿಗೆ ಸೇರಿದ್ದು. ಮನೆಯವರು ಹಾಕಿದ ಸಹಿ? ವಾಪಸ್ ಬರುವ ಹಕ್ಕು ಸೇರುವುದು ಆಸ್ತಿಯ ವಿಲೇವಾರಿಗೆ ನೇಮಕವಾದ ನಿರ್ವಾಹಕನಿಗೆ, ಅಂಥವನೇ ಇಲ್ಲದಿರುವಾಗ ಆ ಸಹಿ ಸಾಲದು ಅನ್ನೋದು ಡೀನ್ ವಾದ.

2004ರಲ್ಲಿ ಡಿಸ್ನಿ ಮೇಲೆ ದಾವೆ ಬಿತ್ತು. ಕಂಪನಿ ಅಮೆರಿಕದಲ್ಲಿದೆ, ದಕ್ಷಿಣ ಆಫ್ರಿಕಾದ ಪ್ರಿಟೋರಿಯಾ ಕೋರ್ಟಿಗೆ ಅದನ್ನು ಎಳೆದು ತರೋದು ಹೇಗೆ? ಅಲ್ಲಿ ಅದಕ್ಕೆ ಏನಾದರೂ ಆಸ್ತಿ ಇರಬೇಕು. ದಕ್ಷಿಣ ಆಫ್ರಿಕಾದಲ್ಲಿ ನೋಂದಾಯಿಸಿದ್ದ 200ಕ್ಕೂ ಹೆಚ್ಚು ಟ್ರೇಡ್‌ಮಾರ್ಕ್‌ಗಳನ್ನು ಕೋರ್ಟ್ ಜಪ್ತಿ ಮಾಡಿತು. ಅದರಲ್ಲಿ ಮಿಕ್ಕಿ ಮೌಸ್, ಡೊನಾಲ್ಡ್ ಡಕ್ ಕೂಡ ಇದ್ದವು. ಅಲ್ಲಿಗೆ ವಿಷಯ ಪತ್ರಿಕೆಗಳ ಮುಖಪುಟಕ್ಕೆ ಬಂತು.

ಡಿಸ್ನಿಯವರು ಹಾಡನ್ನು ಕದ್ದಿರಲಿಲ್ಲ. ಹಕ್ಕು ಹೊಂದಿದ್ದ ಅಬಿಲೀನ್ ಮ್ಯೂಸಿಕ್‌ನಿಂದ ಲೈಸೆನ್ಸ್ ಪಡೆದಿದ್ದರು. ಸರಪಳಿಯ ಪ್ರತಿ ಕೊಂಡಿಯಲ್ಲೂ ಇಂಥದ್ದೇ ಒಂದು ಕಾಗದ ಇದೆ. ಎಲ್ಲರೂ ತಮ್ಮ ಹಿಂದಿನವರನ್ನು ತೋರಿಸುತ್ತಾರೆ. 2006ರ ಫೆಬ್ರವರಿಯಲ್ಲಿ, ತೀರ್ಪಿಗೆ ಮೊದಲೇ, ಅಬಿಲೀನ್ ಜೊತೆ ರಾಜಿಯಾಯಿತು. 1987ರಿಂದ ಬಾಕಿ, ಮುಂದಿನ ರಾಯಲ್ಟಿ, ಹಣ ನೋಡಿಕೊಳ್ಳಲು ಟ್ರಸ್ಟ್, ಸಹ ಸಂಯೋಜಕರಾಗಿ ಲಿಂಡಾ ಹೆಸರು. ಮೊತ್ತ ಎಷ್ಟು ಅಂತ ಹೊರಗೆ ಹೇಳಲಿಲ್ಲ. ರಾಜಿಯಾದ್ದರಿಂದ 1911ರ ಷರತ್ತಿನ ಬಗ್ಗೆ ತೀರ್ಪೂ ಬರಲಿಲ್ಲ. ಬಂದಿದ್ದರೆ ಹಳೆಯ ವಸಾಹತುಗಳ ಎಷ್ಟು ಹಾಡುಗಾರರ ಮಕ್ಕಳು ಕೋರ್ಟ್ ಮೆಟ್ಟಿಲು ಹತ್ತುತ್ತಿದ್ದರೋ!

ನಮ್ಮಲ್ಲಿ ಈ ಕಡೆ ಸ್ವಲ್ಪ ಕೆಲಸ ಆಗಿದೆ. 2012ರ ಕಾಪಿರೈಟ್ ತಿದ್ದುಪಡಿಯ ಪ್ರಕಾರ ಸಿನಿಮಾ ಹಾಡಿನ ಸಾಹಿತಿ ಮತ್ತು ಸಂಯೋಜಕರು, ಚಿತ್ರಮಂದಿರದ ಪ್ರದರ್ಶನ ಬಿಟ್ಟು ಉಳಿದ ಬಳಕೆಗೆ, ರಾಯಲ್ಟಿಯಲ್ಲಿ ತಮ್ಮ ಪಾಲನ್ನು ನಿರ್ಮಾಪಕರಿಗೆ ಬರೆದುಕೊಡಲು ಬರೋದಿಲ್ಲ. ಬರೆದುಕೊಟ್ಟರೂ ಆ ಕರಾರು ನಿಲ್ಲೋದಿಲ್ಲ.

ಲಿಂಡಾ ಹಾಡಿನ ವಿಷಯದಲ್ಲಿ ಗಡಿಯಾರ ನಿಂತಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಕೃತಿಕಾರ ಸತ್ತ 50 ವರ್ಷಕ್ಕೆ ಕಾಪಿರೈಟ್ ಮುಗಿಯುತ್ತದೆ, ಆ ಲೆಕ್ಕದಲ್ಲಿ 2012ರ ಕೊನೆಗೆ ಮುಗಿಯಿತು. ರಾಜಿ ಒಪ್ಪಂದದ ಅವಧಿ 2017ರಲ್ಲಿ ಮುಗಿಯಿತು. ಡಿಸ್ನಿಯ ಹೊಸ ‘ಲಯನ್ ಕಿಂಗ್’ ಬಂದದ್ದು 2019ರಲ್ಲಿ. ಅದರಲ್ಲೂ ಈ ಹಾಡು ಇದೆ.