ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಮಾತನ್ನು ಕೆಡಿಸಿದ್ದು ಅಂತರ್ಜಾಲವೇ?

ಪ್ರಶ್ನೆ: ಅಮೆರಿಕದ ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳು ಹಿಂದೆ ದೀರ್ಘವಾದ, ಗಂಭೀರವಾದ ಭಾಷಣಗಳನ್ನು ಮಾಡುತ್ತಿದ್ದರೆಂದೂ, ಟ್ವಿಟರ್ ಮತ್ತು ಫೇಸ್‌ಬುಕ್ ಬಂದ ಮೇಲೆ ಅವರ ಮಾತು ತುಂಡುತುಂಡಾಗಿ, ಕಟುವಾಗಿ, ಬೈಗುಳದ ಮಟ್ಟಕ್ಕೆ ಇಳಿಯಿತೆಂದೂ ಹಲವರು ಹೇಳುತ್ತಾರೆ. ಇದು ನಿಜವೇ?

ಉತ್ತರ: ಮಾತು ಬದಲಾಗಿರುವುದು ನಿಜ. ಆದರೆ ಅಂತರ್ಜಾಲದ ಮೇಲೆ ಹೊರಿಸುತ್ತಿರುವ ಆರೋಪಗಳಲ್ಲಿ ಎರಡು ಅದಕ್ಕೆ ಸಲ್ಲತಕ್ಕವಲ್ಲ, ಸಲ್ಲಬೇಕಾದ ಮೂರನೆಯದನ್ನು ನಾವು ಸಾಮಾನ್ಯವಾಗಿ ಗಮನಿಸುವುದೇ ಇಲ್ಲ.

ಮೊದಲು ಮಾತಿನ ಉದ್ದದ ವಿಚಾರ. 1858ರಲ್ಲಿ ಲಿಂಕನ್ ಮತ್ತು ಡಗ್ಲಸ್ ಸೆನೆಟ್ ಸ್ಥಾನಕ್ಕಾಗಿ ನಡೆಸಿದ ವಾದಗಳು ತಲಾ ಮೂರು ಗಂಟೆ ನಡೆಯುತ್ತಿದ್ದವು. ಅಲ್ಲಿಂದ ಇಲ್ಲಿಯವರೆಗೆ ಮಾತು ಕುಗ್ಗಿದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಕತ್ತರಿ ಹಿಡಿದದ್ದು ದೂರದರ್ಶನ. ಅಮೆರಿಕದ ಸಂಜೆಯ ಟಿವಿ ಸುದ್ದಿಯಲ್ಲಿ ಅಭ್ಯರ್ಥಿಯೊಬ್ಬನ ಮಾತು ಅಡೆತಡೆಯಿಲ್ಲದೆ ಕೇಳಿಬರುತ್ತಿದ್ದ ಅವಧಿಯನ್ನು ಅಳೆದ ಸಂವಹನ ವಿದ್ವಾಂಸರು, 1968ರ ಚುನಾವಣೆಯಲ್ಲಿ ಸರಾಸರಿ 43 ಸೆಕೆಂಡುಗಳಿದ್ದದ್ದು 1988ರ ಹೊತ್ತಿಗೆ 9 ಸೆಕೆಂಡುಗಳಿಗೆ ಇಳಿದಿತ್ತೆಂದು ತೋರಿಸಿದ್ದಾರೆ. 1988ರಲ್ಲಿ ಯಾವ ಅಭ್ಯರ್ಥಿಗೂ ಜಾಲತಾಣವಿರಲಿಲ್ಲ. ಒಂಬತ್ತು ಸೆಕೆಂಡಿನೊಳಗೆ ಹಿಡಿಸುವಂತೆ ವಾಕ್ಯ ಕಟ್ಟುವ ಕಲೆಯನ್ನು ಭಾಷಣಕಾರರು ಕಂಪ್ಯೂಟರ್ ಮುಟ್ಟುವ ಮೊದಲೇ ಕರಗತ ಮಾಡಿಕೊಂಡಿದ್ದರು. ಇನ್ನು ಬೈಗುಳದ ವಿಚಾರ. 1828ರ ಚುನಾವಣೆಯಲ್ಲಿ ವಿರೋಧಿ ಪತ್ರಿಕೆಗಳು ಆಂಡ್ರ್ಯೂ ಜ್ಯಾಕ್ಸನ್ನನ ಹೆಂಡತಿ ರೇಚಲ್ಲಳನ್ನು ವ್ಯಭಿಚಾರಿಣಿಯೆಂದು ಅಚ್ಚಿನಲ್ಲೇ ಜರೆದವು; ಗಂಡ ಗೆದ್ದ ಕೆಲವೇ ವಾರಗಳಲ್ಲಿ, ಅವನು ಅಧಿಕಾರ ಸ್ವೀಕರಿಸುವ ಮೊದಲೇ ಆಕೆ ತೀರಿಕೊಂಡಳು. ಹಿಂದಿನವರು ಸಭ್ಯರಾಗಿದ್ದರೆಂಬ ನಂಬಿಕೆಯನ್ನು ಇಟ್ಟುಕೊಳ್ಳುವುದು ಕಷ್ಟ.

ಹಾಗಾದರೆ ಅಂತರ್ಜಾಲ ಮಾಡಿದ್ದೇನು? ನನ್ನ ತಿಳಿವಳಿಕೆಯಲ್ಲಿ, ಅದು ಕೇಳುಗನನ್ನು ಅದೇ ಕ್ಷಣದಲ್ಲಿ ದೇಣಿಗೆ ಕೊಡಬಲ್ಲವನನ್ನಾಗಿ ಮಾಡಿತು. ನವೆಂಬರಿನಲ್ಲಿ ಬೀಳಬೇಕಾದ ಮತಕ್ಕಾಗಿ ಆಡುತ್ತಿದ್ದ ಮಾತನ್ನು ಈ ರಾತ್ರಿಯೇ ಬರಬೇಕಾದ ಇಪ್ಪತ್ತು ಡಾಲರಿಗಾಗಿ ಆಡುವ ಅಭ್ಯಾಸ ಅಲ್ಲಿಂದ ಶುರುವಾಯಿತು. ಉಳಿದ ಬದಲಾವಣೆಗಳಲ್ಲಿ ಬಹುಪಾಲು ಇದರ ಬೆನ್ನಿಗೇ ಬಂದವು.

ಇದು ಮೊದಲ ದಿನವೇ ಯಾರಿಗೂ ಹೊಳೆದಿರಲಿಲ್ಲ. 1996ರ ಅಕ್ಟೋಬರಿನಲ್ಲಿ ಹಾರ್ಟ್‌ಫರ್ಡ್ ನಗರದಲ್ಲಿ ನಡೆದ ಚರ್ಚೆಯ ಕೊನೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಬಾಬ್ ಡೋಲ್ ತಮ್ಮ ಜಾಲತಾಣದ ವಿಳಾಸವನ್ನು ಟಿವಿ ವೀಕ್ಷಕರಿಗೆ ಓದಿ ಹೇಳಿದರು, ಹೇಳುವಾಗ ಒಂದು ಚುಕ್ಕಿಯನ್ನು ಬಿಟ್ಟರು. ಆ ಕಾಲದ ಪ್ರಚಾರ ತಾಣವೆಂದರೆ ಪರದೆಯ ಮೇಲಿನ ಕರಪತ್ರ, ಅಷ್ಟೇ. ತಿರುವು ಬಂದದ್ದು 1999ರಲ್ಲಿ, ಕ್ರೆಡಿಟ್ ಕಾರ್ಡಿನ ಮೂಲಕ ಅಂತರ್ಜಾಲದಲ್ಲಿ ಕೊಟ್ಟ ದೇಣಿಗೆಗೂ ಸರ್ಕಾರದ ಸಮಪಾಲು ನಿಧಿ (ಸಣ್ಣ ದೇಣಿಗೆಗೆ ಸರಿಸಮನಾಗಿ ಸರ್ಕಾರ ಕೊಡುವ ಹಣ) ದೊರೆಯಬಹುದೆಂದು ಫೆಡರಲ್ ಚುನಾವಣಾ ಆಯೋಗ ಒಪ್ಪಿದಾಗ. ಮರುವರ್ಷ ಫೆಬ್ರುವರಿಯಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯಲ್ಲಿ, ಅನಿರೀಕ್ಷಿತವಾಗಿ ಗೆದ್ದ ರಿಪಬ್ಲಿಕನ್ ಪಕ್ಷದ ಜಾನ್ ಮೆಕೇನ್ ಅವರಿಗೆ ಎರಡೇ ದಿನಗಳಲ್ಲಿ ಸುಮಾರು 10 ಲಕ್ಷ ಡಾಲರ್ ಜಾಲತಾಣದಿಂದ ಬಂತು. ಗೆಲುವಿನ ಸಂಭ್ರಮ ಆರುವ ಮೊದಲೇ ಅದನ್ನು ಹಣವಾಗಿಸಬಹುದೆಂಬುದು ಆಗ ಎಲ್ಲರಿಗೂ ತಿಳಿಯಿತು.

ಇದನ್ನು ಒಂದು ವಿಧಾನವನ್ನಾಗಿ ರೂಪಿಸಿದವರು, 2004ರ ಚುನಾವಣೆಗೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಲು ಹೊರಟಿದ್ದ ವರ್ಮಾಂಟ್ ರಾಜ್ಯದ ಮಾಜಿ ಗವರ್ನರ್ ಹೋವರ್ಡ್ ಡೀನ್ ಮತ್ತು ಅವರ ಪ್ರಚಾರ ವ್ಯವಸ್ಥಾಪಕ ಜೋ ಟ್ರಿಪಿ. 2003ರ ಜುಲೈನಲ್ಲಿ ಉಪಾಧ್ಯಕ್ಷ ಡಿಕ್ ಚೇನಿ ಅವರು ತಟ್ಟೆಗೆ 2,000 ಡಾಲರಿನ ಭೋಜನಕೂಟವೊಂದನ್ನು ನಡೆಸಲಿದ್ದಾಗ, ಡೀನ್ ತಂಡ ಅದಕ್ಕೆ ಪೈಪೋಟಿಯಾಗಿ ಅಭ್ಯರ್ಥಿಯನ್ನು ಕಂಪ್ಯೂಟರಿನ ಮುಂದೆ ಟರ್ಕಿ ಸ್ಯಾಂಡ್‌ವಿಚ್ ತಿನ್ನಲು ಕೂರಿಸಿ ಬೆಂಬಲಿಗರನ್ನು ಜೊತೆಗೆ ಕರೆಯಿತು. ಬಂದ ಹಣ ಸುಮಾರು 5 ಲಕ್ಷ ಡಾಲರ್, ಚೇನಿಯವರ ಊಟದಿಂದ ಬರಬಹುದಾಗಿದ್ದ ಮೊತ್ತಕ್ಕಿಂತ ಎಷ್ಟೋ ಹೆಚ್ಚು. ತಾಣದ ಮೇಲೆ ಒಂದು ಬೇಸ್‌ಬಾಲ್ ಬ್ಯಾಟಿನ ಚಿತ್ರವಿತ್ತು, ಹಣ ಬಂದಂತೆಲ್ಲ ಅದರ ಬಣ್ಣ ಮೇಲೇರುತ್ತಿತ್ತು. ಇದರೊಂದಿಗೆ ಭಾಷಣದ ಕರ್ತೃಪದವೇ ಬದಲಾಯಿತು. ನಾನು ಇದನ್ನು ಮಾಡುತ್ತೇನೆ ಎನ್ನುವ ಅಭ್ಯರ್ಥಿಯ ಜಾಗದಲ್ಲಿ, ಶಕ್ತಿ ಇರುವುದು ನಿಮ್ಮ ಕೈಯಲ್ಲಿ ಎಂದು ಪ್ರತಿ ಸಭೆಯನ್ನೂ ಮುಗಿಸುವ ಅಭ್ಯರ್ಥಿ ಬಂದ. ಕೇಳುಗನಿಗೆ ಅದು ಬರೀ ಹೊಗಳಿಕೆಯಾಗಿರಲಿಲ್ಲ, ಬ್ಯಾಟಿನ ಬಣ್ಣ ಏರುವುದನ್ನು ಅವನು ಕಣ್ಣಾರೆ ನೋಡುತ್ತಿದ್ದ. ಡೀನ್ ಸೋತರು ಎಂಬುದೂ ಅಷ್ಟೇ ಮುಖ್ಯ. 2004ರ ಜನವರಿ 19ರಂದು ಅಯೋವಾ ರಾಜ್ಯದ ಕಾಕಸ್‌ಗಳಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಸ್ಥಳೀಯ ಸಭೆಗಳಲ್ಲಿ) ಮೂರನೆಯ ಸ್ಥಾನಕ್ಕೆ ಇಳಿದ ರಾತ್ರಿ, ಕಿಕ್ಕಿರಿದ ಸಭಾಂಗಣದಲ್ಲಿ ಅವರು ಹಾಕಿದ ಕೂಗು, ಹತ್ತಿರದ ದನಿಯನ್ನಷ್ಟೇ ಹಿಡಿಯುವ ಮೈಕಿನಿಂದಾಗಿ ಜನರ ಗದ್ದಲವಿಲ್ಲದೆ ಒಂಟಿ ಅರಚಾಟದಂತೆ ಟಿವಿಯಲ್ಲಿ ಕೇಳಿಸಿತು. ಅದನ್ನು ಸಂಗೀತಕ್ಕೆ ಜೋಡಿಸಿ ಹಂಚಿ ನಕ್ಕವರು ಅಂತರ್ಜಾಲದ ಜನರೇ.

2008ರಲ್ಲಿ ಬರಾಕ್ ಒಬಾಮ ಅವರ ಪ್ರಚಾರ ಈ ಪ್ರಶ್ನೆಗೆ ಎರಡು ಬಗೆಯ ಉತ್ತರ ಕೊಡುತ್ತದೆ. ಮಾರ್ಚ್ 18ರಂದು ಫಿಲಡೆಲ್ಫಿಯಾದಲ್ಲಿ ವರ್ಣಭೇದದ ಬಗ್ಗೆ ಅವರು ಮಾಡಿದ ಭಾಷಣ ಸುಮಾರು 37 ನಿಮಿಷಗಳದ್ದು. ಟಿವಿ ಸುದ್ದಿಯ ಯಾವ ಸಂಪಾದಕನೂ ಅದಕ್ಕೆ ಅಷ್ಟು ಜಾಗ ಕೊಡುತ್ತಿರಲಿಲ್ಲ. ಆದರೆ ಯೂಟ್ಯೂಬಿನಲ್ಲಿ ಲಕ್ಷಾಂತರ ಜನ ಪೂರ್ತಿ ಭಾಷಣವನ್ನೇ ತೆರೆದು ನೋಡಿದರು. ದೀರ್ಘ ಭಾಷಣವನ್ನು ಕೊಂದಿತೆಂಬ ಅಪವಾದ ಹೊತ್ತ ಅಂತರ್ಜಾಲವೇ ಅದಕ್ಕೆ ಮರುಜೀವ ಕೊಟ್ಟಿತು. ಇನ್ನೊಂದು ಉತ್ತರ ಅದೇ ಪ್ರಚಾರದ ಹಿಂಬದಿಯ ಕೋಣೆಯಲ್ಲಿತ್ತು. ಒಬಾಮ ತಾಣಕ್ಕೆ ಮೊದಲ ಬಾರಿ ಬಂದವರಿಗೆ ಬೇರೆಬೇರೆ ಚಿತ್ರಗಳನ್ನೂ ಬೇರೆಬೇರೆ ಗುಂಡಿಗಳನ್ನೂ ತೋರಿಸಿ, ಯಾವುದಕ್ಕೆ ಹೆಚ್ಚು ಜನ ಇ-ಮೇಲ್ ವಿಳಾಸ ಕೊಡುತ್ತಾರೆಂದು ತಂಡ ಪರೀಕ್ಷಿಸಿತು. ಕುಟುಂಬದ ಚಿತ್ರದ ಕೆಳಗೆ, ಹೆಸರು ನೋಂದಾಯಿಸಿ ಎಂಬ ಗುಂಡಿಯ ಬದಲು ಇನ್ನಷ್ಟು ತಿಳಿಯಿರಿ ಎಂಬ ಗುಂಡಿ ಇಟ್ಟಾಗ ನೋಂದಣಿ ಶೇ 8.26ರಿಂದ ಶೇ 11.6ಕ್ಕೆ ಏರಿತು. ತಂಡದವರಿಗೆ ಹೆಚ್ಚು ಮೆಚ್ಚಿಗೆಯಾಗಿದ್ದ ವಿಡಿಯೊಗಳು ಯಾವ ಚಿತ್ರಕ್ಕೂ ಸಾಟಿಯಾಗಲಿಲ್ಲ. ಯಾವ ಮಾತು ಒಳ್ಳೆಯದು ಎಂಬ ತೀರ್ಪು ಭಾಷಣಕಾರನ ಕಿವಿಯಿಂದ ಲೆಕ್ಕದ ಕೋಷ್ಟಕಕ್ಕೆ ದಾಟಿದ್ದು ಇಲ್ಲಿ.

ನಾಲ್ಕು ವರ್ಷಗಳ ನಂತರ ಈ ಲೆಕ್ಕ ಇ-ಮೇಲಿಗೆ ಬಂತು. 2012ರಲ್ಲಿ ಒಬಾಮ ಅವರು ಅಂತರ್ಜಾಲದಲ್ಲಿ ಸಂಗ್ರಹಿಸಿದ ಸುಮಾರು 69 ಕೋಟಿ ಡಾಲರುಗಳಲ್ಲಿ ಹೆಚ್ಚಿನ ಪಾಲು ಇಂಥ ಪತ್ರಗಳಿಂದ ಬಂದದ್ದು. ಒಂದೇ ಮನವಿಯ ಹದಿನೆಂಟರವರೆಗೆ ರೂಪಾಂತರಗಳನ್ನು ಬರೆದು, ಮೊದಲು ಸಣ್ಣ ಗುಂಪುಗಳಿಗೆ ಕಳುಹಿಸಿ, ಗೆದ್ದದ್ದನ್ನು ಎಲ್ಲರಿಗೂ ಕಳುಹಿಸುತ್ತಿದ್ದರು. ಅವುಗಳಲ್ಲಿ ಅತಿ ಹೆಚ್ಚು ಹಣ ತಂದದ್ದು, ಎದುರಾಳಿ ನನಗಿಂತ ಹೆಚ್ಚು ಖರ್ಚು ಮಾಡಲಿದ್ದಾನೆ ಎಂಬರ್ಥದ ಶೀರ್ಷಿಕೆಯ ಪತ್ರ. ಅದೊಂದೇ 26 ಲಕ್ಷ ಡಾಲರಿಗೂ ಹೆಚ್ಚು ತಂದಿತು. ಭರವಸೆಯ ಮಾತಿನಿಂದ ಗೆದ್ದವರೆಂದು ಹೆಸರಾದ ನಾಯಕನಿಗೆ ಅತಿ ಹೆಚ್ಚು ಹಣ ತಂದ ವಾಕ್ಯ ಸೋಲಿನ ಭಯದ್ದು ಎಂಬುದನ್ನು ಯಾರೂ ಮೊದಲೇ ಯೋಜಿಸಿರಲಿಲ್ಲ, ಪರೀಕ್ಷೆ ಹಾಗೆ ಹೇಳಿತು. ಭಯ, ಅವಸರ, ಅವಮಾನ ಇವು ಬೇರೆ ಭಾವಗಳಿಗಿಂತ ಬೇಗ ಹಣ ಬಿಚ್ಚಿಸುತ್ತವೆ ಎಂಬ ಪಾಠವನ್ನು ಎರಡೂ ಪಕ್ಷಗಳು ಕಲಿತವು. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಒಮ್ಮೆ ಯಾವುದಾದರೂ ಅಭ್ಯರ್ಥಿಗೆ ಐದು ಡಾಲರ್ ಕೊಟ್ಟಿದ್ದರೆ, ಮಧ್ಯರಾತ್ರಿಯ ಗಡುವು ಎಂದು ಕೂಗುವ ಪತ್ರಗಳು ಅವರಿಗೆ ಹೊಸದಲ್ಲ. ಗಡುವು ಪೂರ್ತಿ ಸುಳ್ಳೂ ಅಲ್ಲ: ಆಯೋಗಕ್ಕೆ ಲೆಕ್ಕ ಒಪ್ಪಿಸುವ ಅವಧಿ ಮುಗಿಯುವ ದಿನ ಅದು, ಮೊತ್ತ ಕಡಿಮೆಯಿದ್ದರೆ ಅಭ್ಯರ್ಥಿ ಸೋಲುತ್ತಿದ್ದಾನೆಂದು ಪತ್ರಿಕೆಗಳು ಬರೆಯುತ್ತವೆ.

ಪಕ್ಷಗಳೇ ಈ ಬೆಂಕಿಗೆ ತುಪ್ಪ ಸುರಿದವು. 2019ರಲ್ಲಿ ಡೆಮಾಕ್ರಟಿಕ್ ಪಕ್ಷ ತನ್ನ ಮೊದಲ ಚರ್ಚೆಗಳ ವೇದಿಕೆ ಹತ್ತಲು ಜನಮತ ಸಮೀಕ್ಷೆಯ ಅಂಕಕ್ಕೆ ಪರ್ಯಾಯವಾಗಿ 65,000 ಮಂದಿ ಬೇರೆಬೇರೆ ದಾನಿಗಳಿರಬೇಕೆಂಬ ನಿಯಮ ಮಾಡಿತು. 2023ರಲ್ಲಿ ರಿಪಬ್ಲಿಕನ್ ಪಕ್ಷ 40,000 ದಾನಿಗಳನ್ನು ಕೇಳಿತು. ಆಗ ಉತ್ತರ ಡಕೋಟದ ಗವರ್ನರ್ ಡಗ್ ಬರ್ಗಮ್ ಅವರು ಒಂದು ಡಾಲರ್ ಕೊಟ್ಟವರಿಗೆ 20 ಡಾಲರಿನ ಗಿಫ್ಟ್ ಕಾರ್ಡ್ ಕೊಡುವುದಾಗಿ ಪ್ರಕಟಿಸಿ ಆಗಸ್ಟಿನ ಚರ್ಚೆಗೆ ಅರ್ಹತೆ ಗಿಟ್ಟಿಸಿದರು. ಹಣವಿಲ್ಲದವರು ಇದೇ ಸಂಖ್ಯೆಯನ್ನು ಮಾತಿನ ಬಿಸಿಯಿಂದಲೇ ತಲುಪಬೇಕಾಗುತ್ತದೆ.

ಅಂತರ್ಜಾಲ ತಂದ ಇನ್ನೊಂದು ಬದಲಾವಣೆ, ಮುಚ್ಚಿದ ಬಾಗಿಲು ಇಲ್ಲವಾದದ್ದು. ಒಂದು ಊರಿನಲ್ಲಿ ಒಂದು ಮಾತು, ಇನ್ನೊಂದು ಊರಿನಲ್ಲಿ ಇನ್ನೊಂದು ಮಾತು ಎಂಬ ಹಳೆಯ ಸೌಲಭ್ಯ ಹೋಯಿತು. 2008ರ ಏಪ್ರಿಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ದಾನಿಗಳ ಮುಂದೆ ಒಬಾಮ, ಕೆಲಸ ಕಳೆದುಕೊಂಡ ಸಣ್ಣ ಊರುಗಳ ಜನ ಕಹಿಯಿಂದ ಬಂದೂಕಿಗೂ ಧರ್ಮಕ್ಕೂ ಅಂಟಿಕೊಳ್ಳುತ್ತಾರೆ ಎಂದದ್ದು ಹವ್ಯಾಸಿ ವರದಿಗಾರ್ತಿಯೊಬ್ಬರಿಂದ ಹೊರಬಂತು. 2012ರ ಮೇ ತಿಂಗಳಲ್ಲಿ ಫ್ಲಾರಿಡಾದ ಬೋಕಾ ರಟೋನ್‌ನಲ್ಲಿ ಆ ವರ್ಷದ ರಿಪಬ್ಲಿಕನ್ ಅಭ್ಯರ್ಥಿ ಮಿಟ್ ರಾಮ್ನಿ, ದೇಶದ ಶೇ 47ರಷ್ಟು ಜನ ಸರ್ಕಾರವನ್ನೇ ಅವಲಂಬಿಸಿದವರು, ಏನೇ ಮಾಡಿದರೂ ಒಬಾಮಗೇ ಮತ ಹಾಕುವವರು ಎಂದದ್ದು ಗುಟ್ಟಾಗಿ ಚಿತ್ರಿತವಾಗಿ ಸೆಪ್ಟೆಂಬರಿನಲ್ಲಿ ಜಗಜ್ಜಾಹೀರಾಯಿತು. 2016ರಲ್ಲಿ ಹಿಲರಿ ಕ್ಲಿಂಟನ್ ಟ್ರಂಪ್ ಬೆಂಬಲಿಗರಲ್ಲಿ ಅರ್ಧದಷ್ಟು ಜನರನ್ನು ತುಚ್ಛರ ಗುಂಪಿಗೆ ಸೇರಿಸಿದಾಗ, ಆ ಬೆಂಬಲಿಗರು ಅದೇ ಬಿರುದನ್ನು ಟಿ-ಶರ್ಟಿನ ಮೇಲೆ ಅಚ್ಚು ಹಾಕಿಸಿಕೊಂಡರು. ಈ ಮೂರೂ ಮಾತುಗಳು ದಾನಿಗಳ ಕೂಟಗಳಲ್ಲಿ ಆಡಿದವು ಎಂಬುದು ಕಾಕತಾಳೀಯವಲ್ಲ, ನಾಲಿಗೆ ಸಡಿಲವಾಗುವುದು ಅಲ್ಲೇ. ಮಾತು ಗಡಿ ದಾಟುವುದನ್ನು ಬೆಂಗಳೂರು ಕೂಡ ಕಂಡಿದೆ: 2009ರ ಮೇನಲ್ಲಿ, ಆಗಲೇ ಅಧ್ಯಕ್ಷರಾಗಿದ್ದ ಒಬಾಮ, ನ್ಯೂಯಾರ್ಕ್ ರಾಜ್ಯದ ಬಫಲೋ ನಗರಕ್ಕಿಂತ ಬೆಂಗಳೂರಿನಲ್ಲಿ ಉದ್ಯೋಗ ಸೃಷ್ಟಿಸಿದರೆ ಕಡಿಮೆ ತೆರಿಗೆ ಬೀಳುವ ಕಾನೂನು ತಪ್ಪು ಎಂದಾಗ, ಬಕಾರದ ಪ್ರಾಸಕ್ಕಾಗಿ ಆರಿಸಿದ ಆ ಹೆಸರು ಇಲ್ಲಿನ ಪತ್ರಿಕೆಗಳ ಮುಖಪುಟಕ್ಕೆ ಬಂತು.

ಡೊನಾಲ್ಡ್ ಟ್ರಂಪ್ ಅವರ ಟ್ವಿಟರಿನ ಬಗ್ಗೆ ಬೇಕಾದಷ್ಟು ಬರೆದಾಗಿದೆ, ಒಂದೇ ಅಂಶ ಸೇರಿಸುತ್ತೇನೆ. 140 ಅಕ್ಷರಗಳಲ್ಲಿ ಎದುರಾಳಿಗೆ ಅಡ್ಡಹೆಸರಿಡುತ್ತಿದ್ದ ಅದೇ ವ್ಯಕ್ತಿ ಸಭೆಗಳಲ್ಲಿ ಗಂಟೆಗಟ್ಟಲೆ ಮಾತನಾಡುತ್ತಿದ್ದರು, 2024ರ ಅಕ್ಟೋಬರಿನಲ್ಲಿ ಜೋ ರೋಗನ್ ಪಾಡ್‌ಕಾಸ್ಟಿನಲ್ಲಿ ಸುಮಾರು ಮೂರು ಗಂಟೆ ಕುಳಿತರು. ಮಾತು ಬರೀ ಚಿಕ್ಕದಾಗಿಲ್ಲ, ಅತಿ ಚಿಕ್ಕದು ಮತ್ತು ಅತಿ ದೊಡ್ಡದು ಎರಡೂ ಉಳಿದು ಟಿವಿಯ ಅಳತೆಯ ನಡುವಿನದು ಬಡವಾಗಿದೆ. 2016ರ ರಷ್ಯಾದ ನಕಲಿ ಖಾತೆಗಳ ಮಾತೂ ಇಲ್ಲಿ ಬರುತ್ತದೆ. ಅವು ಇದ್ದದ್ದು ನಿಜ, ಸುಮಾರು 3,000 ಜಾಹೀರಾತುಗಳಿಗೆ ಸುಮಾರು ಒಂದು ಲಕ್ಷ ಡಾಲರ್ ಖರ್ಚಾಗಿದೆಯೆಂದು ಫೇಸ್‌ಬುಕ್ ತಾನೇ ತಿಳಿಸಿತು. ಆದರೆ ಅಭ್ಯರ್ಥಿಗಳ ಮಾತಿನ ದಾಟಿಯನ್ನು ಅವು ಬದಲಿಸಿದವೆಂದು ನನಗೆ ಅನ್ನಿಸುವುದಿಲ್ಲ, ಆ ದಾಟಿಯನ್ನು ಅವು ನಕಲು ಮಾಡಿದವು.

ಹಣದ ಹಾದಿ ಎಲ್ಲಿಗೆ ಮುಟ್ಟುತ್ತದೆ ಎಂಬುದು ಕಂಡದ್ದು 2020ರ ಮತದಾನ ಮುಗಿದ ಮೇಲೆ. ಪ್ರಚಾರದ ಹೊತ್ತಿನಲ್ಲೇ ಟ್ರಂಪ್ ತಾಣದ ದೇಣಿಗೆ ಪುಟದಲ್ಲಿ, ಹಣ ಪದೇಪದೇ ಕಡಿತವಾಗಲಿ ಎಂಬ ಚೌಕಕ್ಕೆ ಮೊದಲೇ ಗುರುತು ಹಾಕಿಡಲಾಗಿತ್ತು, ಗಮನಿಸದೆ ಕೊಟ್ಟ ಸಾವಿರಾರು ಜನರಿಗೆ ಆಮೇಲೆ ಹಣ ಮರಳಿಸಬೇಕಾಯಿತು. ಚುನಾವಣೆ ಕದಿಯಲ್ಪಟ್ಟಿದೆ ಎಂಬ ಮಾತು ನ್ಯಾಯಾಲಯಗಳಲ್ಲಿ ನಿಲ್ಲಲಿಲ್ಲ, ಬೆಂಬಲಿಗರ ಇ-ಮೇಲ್ ಪೆಟ್ಟಿಗೆಗಳಲ್ಲಿ ಚೆನ್ನಾಗಿಯೇ ನಿಂತಿತು. 2021ರ ಜನವರಿ 6ರಂದು ಅಮೆರಿಕದ ಸಂಸತ್ ಭವನದ ಮೇಲೆ ನಡೆದ ದಾಳಿಯ ತನಿಖೆ ನಡೆಸಿದ ಸಂಸದೀಯ ಸಮಿತಿಯ ಪ್ರಕಾರ, ಆ ವಾರಗಳಲ್ಲಿ ಬೆಂಬಲಿಗರಿಗೆ ಕೆಲವೊಮ್ಮೆ ದಿನಕ್ಕೆ 25ರಷ್ಟು ಇ-ಮೇಲುಗಳು ಹೋದವು, ಸಂಗ್ರಹವಾದದ್ದು ಸುಮಾರು 25 ಕೋಟಿ ಡಾಲರ್, ಮತ್ತು ಪತ್ರಗಳು ಹೆಸರಿಸಿದ ಚುನಾವಣಾ ರಕ್ಷಣಾ ನಿಧಿ ಎಂಬುದು ನಿಜವಾಗಿ ಅಸ್ತಿತ್ವದಲ್ಲಿರಲಿಲ್ಲ. ಸೋಲನ್ನು ಒಪ್ಪಿಕೊಳ್ಳುವ ಭಾಷಣಕ್ಕೆ ಇಷ್ಟು ದೊಡ್ಡ ಬೆಲೆ ತೆರಬೇಕಾದ ಪರಿಸ್ಥಿತಿ ಹಿಂದಿನ ಅಭ್ಯರ್ಥಿಗಳಿಗೆ ಇರಲಿಲ್ಲ.

ಹಾಗೆಂದು ಹಣ ತರುವ ಮಾತು ಮತವನ್ನೂ ತರುತ್ತದೆಂದು ತಿಳಿಯಬಾರದು. 2007ರ ಡಿಸೆಂಬರಿನಲ್ಲಿ ಒಂದೇ ದಿನ ಸುಮಾರು 60 ಲಕ್ಷ ಡಾಲರ್ ಬಂದ ರಿಪಬ್ಲಿಕನ್ ಸ್ಪರ್ಧಿ ರಾನ್ ಪಾಲ್ ಮುಂದೆ ಒಂದು ರಾಜ್ಯದ ಪ್ರೈಮರಿಯನ್ನೂ ಗೆಲ್ಲಲಿಲ್ಲ. 2024ರ ಜುಲೈ 21ರಂದು ಜೋ ಬೈಡನ್ ಹಿಂದೆ ಸರಿದ ಬಳಿಕ ಕಮಲಾ ಹ್ಯಾರಿಸ್ ಅವರಿಗೆ ಮೊದಲ 24 ಗಂಟೆಗಳಲ್ಲೇ 8.1 ಕೋಟಿ ಡಾಲರ್ ಬಂತೆಂದು ಅವರ ತಂಡ ಪ್ರಕಟಿಸಿತು. ಒಟ್ಟು ಸಂಗ್ರಹ ನೂರು ಕೋಟಿ ಡಾಲರ್ ದಾಟಿತು, ನವೆಂಬರ್ 5ರಂದು ಅವರು ಸೋತರು. ಸೋತ ಮೇಲೂ ದಾನಿಗಳಿಗೆ ದೇಣಿಗೆ ಕೇಳುವ ಇ-ಮೇಲುಗಳು ಹೋಗುತ್ತಲೇ ಇದ್ದವು.